ಗಡಿಯಾರ ಎರಡು ಸಲ ಕೊಚ್ಚಿಹೋದ ಬೀದಿ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಎಲಿಕಾಟ್ ಸಿಟಿಯ ಹಳೆಯ ಪೇಟೆಯಲ್ಲಿ ಮೇನ್ ಸ್ಟ್ರೀಟ್ ಎಂಬ ಇಳಿಜಾರು ಬೀದಿಯೊಂದಿದೆ. ಅದು ಇಳಿಯುತ್ತಾ ಬಂದು ಪಟಾಪ್ಸ್ಕೋ ನದಿಯನ್ನು ಸೇರುವ ಕಡೆ, ಕಂಬದ ಮೇಲೆ ಊರ ಗಡಿಯಾರವಿತ್ತು. 2016ರ ಜುಲೈ 30ರ ರಾತ್ರಿ ಪ್ರವಾಹ ಅದನ್ನು ಬುಡಸಮೇತ ಕಿತ್ತೊಯ್ದಿತು. ಊರಿನವರು ಅದೇ ಜಾಗದಲ್ಲಿ ಮತ್ತೆ ಗಡಿಯಾರ ನಿಲ್ಲಿಸಿದರು. 2018ರ ಮೇ 27ರಂದು ಅದೂ ಹೋಯಿತು. ನಡುವಿನ ಅಂತರ 22 ತಿಂಗಳು.

ಪ್ರವಾಹದ ಬಗ್ಗೆ ಬರೆಯುವವರಿಗೆ ನೀರು ನುಗ್ಗಿದ ರಾತ್ರಿಯ ಮೇಲೆಯೇ ಕಣ್ಣು. ಕಾರುಗಳು ತೇಲಿದ ವಿಡಿಯೊ, ಜನರು ಕೈಕೈ ಹಿಡಿದು ಸರಪಳಿ ಮಾಡಿ ಮಹಿಳೆಯೊಬ್ಬರನ್ನು ಕಾರಿನಿಂದ ಎಳೆದು ಉಳಿಸಿದ ದೃಶ್ಯ, ಇವೆಲ್ಲ ಆಗ ಜಗತ್ತಿನಾದ್ಯಂತ ಹರಿದಾಡಿದವು. ನನ್ನ ಕುತೂಹಲವಿರುವುದು ಆ ರಾತ್ರಿಯ ಮೇಲಲ್ಲ, ಆ 22 ತಿಂಗಳ ಮೇಲೆ. ಆ ಅವಧಿಯಲ್ಲಿ ಬೀದಿಯ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆದವು. ಬಾಗಿಲು ತೆರೆಯುವ ಅವಸರಕ್ಕೂ ನೀರಿಗೆ ದಾರಿ ಮಾಡಿಕೊಡುವ ಕೆಲಸಕ್ಕೂ ನಡುವೆ ಎಷ್ಟು ದೂರ ಬಿದ್ದಿತ್ತು ಎಂಬುದು ಎರಡನೆಯ ಪ್ರವಾಹ ಬಂದಾಗಲೇ ಎಲ್ಲರಿಗೂ ಕಂಡದ್ದು.

ನೀರು ಬಂದ ದಿಕ್ಕು

ಊರಿನ ಹುಟ್ಟಿನಲ್ಲೇ ನೀರಿದೆ. 1772ರಲ್ಲಿ ಪೆನ್ಸಿಲ್ವೇನಿಯಾದಿಂದ ಬಂದ ಎಲಿಕಾಟ್ ಸಹೋದರರು, ಕ್ವೇಕರ್ ಪಂಥದವರು, ನದಿಯ ಓಟವನ್ನು ನಂಬಿ ಇಲ್ಲಿ ಹಿಟ್ಟಿನ ಗಿರಣಿ ಹಾಕಿದರು. 1830ರ ಸುಮಾರಿಗೆ ಬಾಲ್ಟಿಮೋರ್ ಅಂಡ್ ಒಹಾಯೊ ರೈಲುಮಾರ್ಗ ಬಂತು. ಆಗ ಕಟ್ಟಿದ ಕಲ್ಲಿನ ನಿಲ್ದಾಣ ಅಮೆರಿಕದಲ್ಲಿ ಉಳಿದಿರುವ ಅತ್ಯಂತ ಹಳೆಯ ರೈಲು ನಿಲ್ದಾಣ. ಗಿರಣಿಗಳ ಕಾಲ ಮುಗಿದ ಮೇಲೆ ಗ್ರಾನೈಟ್ ಕಟ್ಟಡಗಳ ಈ ಬೀದಿ ಹಳೆಯ ವಸ್ತುಗಳ ಅಂಗಡಿ, ಕಾಫಿ ಅಂಗಡಿ, ಸಣ್ಣ ರೆಸ್ಟೊರೆಂಟ್, ಆಟಿಕೆ ಮತ್ತು ಉಡುಪಿನ ಮಳಿಗೆಗಳ ಬೀದಿಯಾಯಿತು. ಜನಗಣತಿಯ ಲೆಕ್ಕದಲ್ಲಿ ಎಲಿಕಾಟ್ ಸಿಟಿ ದೊಡ್ಡದೇ; ನಾನು ಹೇಳುತ್ತಿರುವುದು ಕಣಿವೆಯಲ್ಲಿ ಸಿಕ್ಕಿಕೊಂಡ ಹಳೆಯ ಪೇಟೆಯ ಮಾತು. ಅದಕ್ಕೆ ತನ್ನದೇ ಪುರಸಭೆಯೂ ಇಲ್ಲ. ಚರಂಡಿಯಿಂದ ಹಿಡಿದು ಕಟ್ಟಡದ ಪರವಾನಗಿವರೆಗೆ ಎಲ್ಲವೂ ಹೊವಾರ್ಡ್ ಕೌಂಟಿಯ, ಅಂದರೆ ನಮ್ಮ ಜಿಲ್ಲಾಡಳಿತದಂಥ ಸ್ಥಳೀಯ ಸರ್ಕಾರದ, ಕೈಯಲ್ಲಿದೆ.

ಪ್ರವಾಹ ಇಲ್ಲಿಗೆ ಹೊಸದಲ್ಲ. 1868ರ ಪ್ರವಾಹದಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. 1972ರಲ್ಲಿ ಆಗ್ನೆಸ್ ಚಂಡಮಾರುತ ಬೀದಿಯ ಕೆಳಭಾಗವನ್ನು ಮುಳುಗಿಸಿತು. ಹಳೆಯ ಪ್ರವಾಹಗಳ ಮಟ್ಟವನ್ನು ಬೀದಿಯ ತುದಿಯ ರೈಲು ಸೇತುವೆಯ ಬಳಿ ಗುರುತು ಮಾಡಿ ಇಟ್ಟಿದ್ದಾರೆ. ಈ ಗುರುತುಗಳು ಅಳೆಯುವುದು ಪಟಾಪ್ಸ್ಕೋ ನದಿ ಎಷ್ಟು ಎತ್ತರಕ್ಕೆ ಏರಿತು ಎಂಬುದನ್ನು. ಅಂದರೆ ಊರಿನ ನೆನಪಿನಲ್ಲಿ ನೀರು ಬರುವುದು ಕೆಳಗಿನಿಂದ: ನದಿ ಉಕ್ಕುತ್ತದೆ, ಬೀದಿಯನ್ನು ಏರುತ್ತದೆ, ಇಳಿಯುತ್ತದೆ. ಆ ಲೆಕ್ಕದಲ್ಲಿ ಮೇಲಕ್ಕೆ ಹೋದಷ್ಟೂ ಅಂಗಡಿ ಸುರಕ್ಷಿತ.

2016ರಲ್ಲಿ ನೀರು ಬಂದದ್ದು ಮೇಲಿನಿಂದ. ಬೀದಿಯ ಪಕ್ಕದಲ್ಲೇ, ಕೆಲವೆಡೆ ಕಟ್ಟಡಗಳ ಅಡಿಯಲ್ಲೇ, ಟೈಬರ್ ಎಂಬ ತೊರೆ ಹರಿಯುತ್ತದೆ. ಹಡ್ಸನ್, ನ್ಯೂ ಕಟ್ ಮುಂತಾದ ತೊರೆಗಳು ಅದನ್ನು ಕೂಡಿಕೊಳ್ಳುತ್ತವೆ. ಎಲ್ಲ ಸೇರಿ ಜಲಾನಯನ ಪ್ರದೇಶ ಸುಮಾರು 10 ಚದರ ಕಿಲೋಮೀಟರ್, ಅಷ್ಟೇ. ಆ ಸಂಜೆ ಒಂದೇ ಜಾಗದ ಮೇಲೆ ಮೋಡದ ಹಿಂದೆ ಮೋಡ ಬಂದು ಸುರಿದು, ಎರಡು ಗಂಟೆಗಳಲ್ಲಿ ಸುಮಾರು 150 ಮಿಲಿಮೀಟರ್ ಮಳೆಯಾಯಿತು. 10 ಚದರ ಕಿಲೋಮೀಟರ್ ಮೇಲೆ 150 ಮಿಲಿಮೀಟರ್ ಎಂದರೆ 150 ಕೋಟಿ ಲೀಟರ್. ಅದರಲ್ಲಿ ಒಂದಿಷ್ಟು ಮಣ್ಣಿಗೆ ಇಳಿದಿರಬಹುದು. ಉಳಿದದ್ದಕ್ಕೆ ಕಡಿದಾದ ಬಂಡೆಯ ಕಣಿವೆ, ಗುಡ್ಡದ ಮೇಲಿನ ಹೊಸ ಬಡಾವಣೆಗಳ ಛಾವಣಿ, ಕಾರು ನಿಲ್ಲಿಸುವ ಡಾಂಬರು ಬಯಲು, ಇಕ್ಕಟ್ಟಾದ ಮೋರಿ. ಮೋರಿಗಳ ಬಾಯಿಗೆ ಮರ, ಕಾರು ಬಂದು ಸಿಕ್ಕಿಕೊಂಡಾಗ ತೊರೆಗೆ ಉಳಿದದ್ದು ಒಂದೇ ದಾರಿ, ಮೇನ್ ಸ್ಟ್ರೀಟ್. ಅರ್ಧ ಅಡಿ ಆಳದ ರಭಸದ ನೀರು ವಯಸ್ಕರನ್ನು ಬೀಳಿಸುತ್ತದೆ, ಎರಡು ಅಡಿ ನೀರಿಗೆ ಬಹುತೇಕ ಕಾರುಗಳು ತೇಲುತ್ತವೆ. ಆ ರಾತ್ರಿ ಇಬ್ಬರು ಸತ್ತರು. ಪಾದಚಾರಿ ಮಾರ್ಗಗಳು ಕುಸಿದು, ಅಂಗಡಿಗಳ ನೆಲಮಾಳಿಗೆಗಳು ಬೀದಿಗೆ ತೆರೆದುಕೊಂಡವು.

ಈ ದಿಕ್ಕಿನ ಪ್ರಶ್ನೆಯನ್ನು ಇಷ್ಟು ಎಳೆಯುವುದಕ್ಕೆ ಕಾರಣವಿದೆ. ನದಿ ಉಕ್ಕುವುದಾದರೆ ಗಂಟೆಗಟ್ಟಲೆ ಮುಂಚೆ ಗೊತ್ತಾಗುತ್ತದೆ. ಸರಕನ್ನು ಮಹಡಿಗೆ ಸಾಗಿಸಬಹುದು, ಗಲ್ಲಾಪೆಟ್ಟಿಗೆ, ಕಂಪ್ಯೂಟರ್ ಎತ್ತಿಕೊಂಡು ಹೋಗಬಹುದು. ತೊರೆ ನುಗ್ಗುವುದಾದರೆ ಸಿಗುವುದು ನಿಮಿಷಗಳು. ಅಂಗಡಿಯವರ ಬಳಿಯಿದ್ದ ಮುಂಜಾಗ್ರತೆಯೆಲ್ಲ ಇನ್ನೊಂದು ನೀರಿಗಾಗಿ ರೂಢಿಯಾಗಿದ್ದು.

ಕೆಸರು

ಮರುದಿನ ಬೀದಿಯನ್ನು ಮುಚ್ಚಲಾಯಿತು. ಅನಿಲದ ಕೊಳವೆ, ಒಳಚರಂಡಿ, ವಿದ್ಯುತ್ ಯಾವುದೂ ಸರಿಯಿರಲಿಲ್ಲ. ಯಾವ ಗೋಡೆ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಎಂಜಿನಿಯರ್‌ಗಳು ನೋಡಬೇಕಿತ್ತು. ಮಾಲೀಕರನ್ನು ಬೆಂಗಾವಲಿನಲ್ಲಿ, ಸ್ವಲ್ಪ ಹೊತ್ತಿಗೆ ಮಾತ್ರ ಒಳಗೆ ಬಿಟ್ಟರು.

ಹೀಗೆ ಒಳಗೆ ಹೋದವರಿಗೆ ಇರುವ ಕಷ್ಟ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ನೀರು ಇಳಿದಿರುತ್ತದೆ, ಕೆಸರು ಉಳಿದಿರುತ್ತದೆ. ಅದು ಹೊಲದ ಕೆಸರಲ್ಲ. ಅದರಲ್ಲಿ ಕಾರುಗಳ ಎಣ್ಣೆ, ಚರಂಡಿಯ ಹೊಲಸು, ಗಾಜಿನ ಚೂರು ಎಲ್ಲವೂ ಇವೆ. ಕೈಗವಸು ಇಲ್ಲದೆ ಮುಟ್ಟುವಂತಿಲ್ಲ. ತೇವ ಹಾಗೇ ಉಳಿದರೆ 24ರಿಂದ 48 ಗಂಟೆಯೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಒಳಗೋಡೆಗೆ ಬಡಿದಿರುವ ಜಿಪ್ಸಮ್ ಹಲಗೆ ದೀಪದ ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಹೀರುತ್ತದೆ. ಮೊಣಕಾಲುದ್ದ ನೀರು ನಿಂತಿದ್ದ ಅಂಗಡಿಯಲ್ಲಿ ಗೋಡೆ ಮೇಲೆ ನೋಡಿದರೆ ಒಣಗಿದಂತೆಯೇ ಕಾಣುತ್ತದೆ. ಬೆರಳಿನಿಂದ ಒತ್ತಿದರೆ ಸೊಂಟದೆತ್ತರದಲ್ಲೂ ಹಿಟ್ಟಿನಂತೆ ಒಳಗೆ ಹೋಗುತ್ತದೆ. ನೀರಿನ ಗೆರೆಗಿಂತ ಮೇಲಕ್ಕೆ ಹಲಗೆಯನ್ನು ಕತ್ತರಿಸಿ ತೆಗೆದು, ಹಿಂದಿನ ಮರ, ತಂತಿ ಎಲ್ಲವನ್ನೂ ಬಯಲಿಗೆ ಹಾಕಿ ಒಣಗಿಸದೆ ಬೇರೆ ದಾರಿಯಿಲ್ಲ. ಮರದ ನೆಲಹಾಸು ಬಿಲ್ಲಿನಂತೆ ಬಾಗುತ್ತದೆ.

ಇದೆಲ್ಲವನ್ನು ಗಂಟೆಗಳ ಲೆಕ್ಕದಲ್ಲಿ ಮಾಡಬೇಕು. ಆದರೆ ಬೀದಿ ಮುಚ್ಚಿದೆ. ಮೇಲಾಗಿ, ಏನನ್ನೂ ಎಸೆಯುವ ಮುನ್ನ ಫೋಟೊ ತೆಗೆಯಬೇಕು, ಪಟ್ಟಿ ಮಾಡಬೇಕು, ಖರೀದಿಯ ಬಿಲ್ಲು ತೋರಿಸಬೇಕು. ಬಿಲ್ಲುಗಳು ಎಲ್ಲಿವೆ? ನೆಲಮಾಳಿಗೆಯ ಕಪಾಟಿನಲ್ಲಿ, ಅಂಟಿಕೊಂಡ ಒಂದೇ ಮುದ್ದೆಯಾಗಿ.

ಯಾವ ನೀರು?

ವಿಮೆಯ ವಿಷಯಕ್ಕೆ ಬರೋಣ. ಈ ಪ್ರಕರಣದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲೇ.

ಅಮೆರಿಕದ ಸಾಮಾನ್ಯ ವಾಣಿಜ್ಯ ವಿಮೆ ಬೆಂಕಿ, ಕಳ್ಳತನ, ಒಡೆದ ಕೊಳಾಯಿಗೆ ಹಣ ಕೊಡುತ್ತದೆ, ಪ್ರವಾಹಕ್ಕೆ ಕೊಡುವುದಿಲ್ಲ. ಹಾಗಾಗಿ ನೀರು ನುಗ್ಗಿದ ಅಂಗಡಿಯವರಿಗೆ ಮೊದಲು ಎದುರಾಗುವ ಪ್ರಶ್ನೆ ಎಷ್ಟು ನಷ್ಟವಾಯಿತು ಎಂಬುದಲ್ಲ, ನೀರು ಯಾವುದು ಎಂಬುದು. ಛಾವಣಿಯಿಂದ ಬಂತೇ, ಕೊಳಾಯಿ ಒಡೆದು ಬಂತೇ, ಒಳಚರಂಡಿಯಿಂದ ಹಿಮ್ಮುಖವಾಗಿ ಉಕ್ಕಿತೇ, ನೆಲದ ಮೇಲೆ ಹರಿದು ಬಂತೇ? ಒಂದೊಂದು ನೀರಿಗೂ ಒಂದೊಂದು ಕಾಗದ. ಕೆಸರಿನಲ್ಲಿ ನಿಂತವನಿಗೆ ಇದು ಅಣಕದಂತೆ ಕೇಳಿಸಿದರೆ ಅವನ ತಪ್ಪೇನಿಲ್ಲ.

ಪ್ರವಾಹಕ್ಕೆಂದೇ ಪ್ರತ್ಯೇಕ ಸರ್ಕಾರಿ ವಿಮೆಯಿದೆ. 1968ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಪ್ರವಾಹ ವಿಮಾ ಕಾರ್ಯಕ್ರಮ ಅದು. ವ್ಯಾಪಾರಿ ಕಟ್ಟಡಕ್ಕೆ ಗರಿಷ್ಠ 5 ಲಕ್ಷ ಡಾಲರ್, ಒಳಗಿನ ಸರಕು ಸರಂಜಾಮಿಗೆ ಗರಿಷ್ಠ 5 ಲಕ್ಷ ಡಾಲರ್, ಎರಡನ್ನೂ ಬೇರೆಬೇರೆಯಾಗಿ ಕೊಳ್ಳಬೇಕು. ಕೊಂಡ ಮೇಲೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಮೋಡ ಕಂಡು ಓಡಿದರೆ ಆಗದು. ಇದರ ಕೆಳಗಿನ ಸಣ್ಣಕ್ಷರಗಳು ಮುಖ್ಯ. ಸರಕಿಗೆ ಹಣ ಕೊಡುವಾಗ ಸವಕಳಿ ಕಳೆದು ಕೊಡುತ್ತಾರೆ, ಹತ್ತು ವರ್ಷದ ಶೀತಕಪಾಟಿಗೆ ಹೊಸದರ ಬೆಲೆ ಸಿಗುವುದಿಲ್ಲ. ನೆಲಮಾಳಿಗೆಗೆ ರಕ್ಷಣೆ ತೀರಾ ಸೀಮಿತ. ಅಂಗಡಿ ಮುಚ್ಚಿದ್ದ ತಿಂಗಳುಗಳ ವ್ಯಾಪಾರ ನಷ್ಟಕ್ಕೆ ಒಂದು ಡಾಲರ್ ಕೂಡ ಇಲ್ಲ.

ಈಗ ಇದನ್ನು ಬಾಡಿಗೆದಾರನ ಕಡೆಯಿಂದ ನೋಡಿ. ಇಂಥ ಪೇಟೆಬೀದಿಯಲ್ಲಿ ಅಂಗಡಿ ನಡೆಸುವ ಹಲವರು ಕಟ್ಟಡದ ಒಡೆಯರಲ್ಲ. ಗೋಡೆ ಮಾಲೀಕನದು, ಚರಂಡಿ ಕೌಂಟಿಯದು, ತೊರೆಯ ಮೇಲ್ಭಾಗದ ಗುಡ್ಡ ಯಾರೋ ಬಡಾವಣೆ ಕಟ್ಟಿದವರದು. ಬಾಡಿಗೆದಾರನದು ಏನೆಂದರೆ ಸರಕು, ಕಪಾಟು, ಹೆಸರು, ಗಿರಾಕಿಗಳ ರೂಢಿ. ಮೊದಲೆರಡಕ್ಕೆ ವಿಮೆ ಅರ್ಧಂಬರ್ಧ, ಕೊನೆಯೆರಡಕ್ಕೆ ಇಲ್ಲವೇ ಇಲ್ಲ. ಕಟ್ಟಡ ಬಳಸಲಾಗದ ತಿಂಗಳುಗಳಲ್ಲಿ ಬಾಡಿಗೆ ನಿಲ್ಲುತ್ತದೆಯೇ ಎಂಬುದು ಕರಾರಿನ ಯಾವುದೋ ಒಂದು ಸಾಲಿನ ಮೇಲೆ ನಿಂತಿರುತ್ತದೆ, ಸಹಿ ಹಾಕುವ ದಿನ ಯಾರೂ ಓದದ ಸಾಲು.

ಉಳಿದದ್ದು ಸಾಲ. ಅಮೆರಿಕ ಸರ್ಕಾರದ ಸಣ್ಣ ಉದ್ದಿಮೆ ಆಡಳಿತ, ಅಂದರೆ ಎಸ್‌ಬಿಎ, ವಿಪತ್ತಿಗೆ ಸಿಕ್ಕಿದ ಉದ್ದಿಮೆಗೆ 20 ಲಕ್ಷ ಡಾಲರ್‌ವರೆಗೆ ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ, ಅವಧಿ ಗರಿಷ್ಠ 30 ವರ್ಷ. ಸುದ್ದಿಯಲ್ಲಿ ಇದು ನೆರವು ಎಂದು ಬರುತ್ತದೆ. ಬ್ಯಾಂಕಿನ ಸಾಲಕ್ಕಿಂತ ಒಳ್ಳೆಯದು ನಿಜ; ಆದರೂ ಸಾಲ ಸಾಲವೇ. ಮೊತ್ತ ದೊಡ್ಡದಾದರೆ ಅಡಮಾನ ಕೇಳುತ್ತಾರೆ, ಬೇರೆ ಆಸ್ತಿ ಇಲ್ಲದ ಅಂಗಡಿಯವನು ವಾಸದ ಮನೆಯನ್ನೇ ಬರೆದುಕೊಡಬೇಕಾಗುತ್ತದೆ. ಕೈಬಿಟ್ಟುಹೋದ ಸರಕಿಗಾಗಿ ಇರುವ ಮನೆಯನ್ನು ಒತ್ತೆಯಿಡುವುದು. ದಾನಿಗಳ ಹಣವನ್ನು ಸಂಗ್ರಹಿಸಿ ಹಂಚಿದ ಸ್ಥಳೀಯ ಸಂಘಟನೆಯೂ ಇತ್ತು. ಬಹಳಷ್ಟು ಅಂಗಡಿಗಳಿಗೆ ಆ ಹಣ ಬೇಗ ಸಿಕ್ಕಿದ್ದೇ ದೊಡ್ಡ ಆಸರೆ. ತೀರಿಸಬೇಕಿಲ್ಲದ ಹಣ ಎಷ್ಟೇ ಸಣ್ಣದಾದರೂ ಅದರ ತೂಕವೇ ಬೇರೆ.

ಸಾವಿರ ವರ್ಷದ ಮಾತು

2016ರ ಮಳೆಯನ್ನು ಹವಾಮಾನ ಇಲಾಖೆ ಯಾವುದೇ ಒಂದು ವರ್ಷದಲ್ಲಿ ಸಾವಿರಕ್ಕೆ ಒಂದು ಪಾಲು ಸಂಭವವಿರುವ ಮಳೆ ಎಂದಿತು. ಸುದ್ದಿ ಬೀದಿಗಿಳಿಯುವ ಹೊತ್ತಿಗೆ ಅದು ಸಾವಿರ ವರ್ಷಕ್ಕೊಮ್ಮೆ ಬರುವ ಪ್ರವಾಹವಾಯಿತು. ಎರಡೂ ಒಂದೇ ಎನಿಸುತ್ತದೆ, ಒಂದೇ ಅಲ್ಲ. ಮೊದಲನೆಯದು ಪ್ರತಿವರ್ಷ ಹೊಸದಾಗಿ ಎಸೆಯುವ ದಾಳ. ಎರಡನೆಯದು, ಆಯಿತಪ್ಪ, ಮುಗಿಯಿತು, ಇನ್ನು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಎಂಬ ಸಮಾಧಾನ. ಮತ್ತೊಂದು ಸಂಗತಿಯೂ ಮರೆಯಾಯಿತು: ಆ ಸಂಖ್ಯೆ ಮಳೆಗೆ ಸೇರಿದ್ದು, ಪ್ರವಾಹಕ್ಕಲ್ಲ. ಇಂಥ ಕಣಿವೆಯಲ್ಲಿ ಅಂಗಡಿ ಮುಳುಗಲು ಅಷ್ಟು ಮಳೆ ಬೇಕಾಗಿಯೇ ಇಲ್ಲ, ಅದಕ್ಕಿಂತ ಕಡಿಮೆ ಸಾಕು.

ಅಪಾಯ ವರ್ಷಕ್ಕೆ ಶೇ. 1 ಎಂದಿಟ್ಟುಕೊಳ್ಳಿ. 30 ವರ್ಷದ ಸಾಲದ ಅವಧಿಯಲ್ಲಿ ಒಮ್ಮೆಯಾದರೂ ನೀರು ಬರುವ ಸಾಧ್ಯತೆ ಶೇ. 26. ಸಾಲದ ಅರ್ಜಿಯ ಮೊದಲ ಪುಟದಲ್ಲಿ ಈ ಒಂದು ಲೆಕ್ಕವನ್ನು ಅಚ್ಚು ಹಾಕಿದ್ದರೆ ಎಷ್ಟು ಜನ ಅದೇ ನೆಲಮಹಡಿಗೆ ಮತ್ತೆ ಸರಕು ತುಂಬುತ್ತಿದ್ದರೋ. ತುಂಬುತ್ತಿದ್ದರು ಎಂದೇ ನನ್ನ ಅನುಮಾನ. ಅವರಿಗೆ ಬೇರೆ ಬೀದಿ ಇರಲಿಲ್ಲ. ಗಿರಾಕಿ ಬರುವುದು ಆ ಕಲ್ಲುಗೋಡೆ, ಆ ಇಳಿಜಾರು, ಆ ತೊರೆಯ ಸದ್ದಿಗಾಗಿ. ಎತ್ತರದ ಹೆದ್ದಾರಿ ಬದಿಯ ವಾಣಿಜ್ಯ ಸಂಕೀರ್ಣದಲ್ಲಿ ಅದೇ ಅಂಗಡಿ ಹತ್ತರ ಜತೆ ಹನ್ನೊಂದನೆಯದು.

ಬೀದಿ ಸುಮಾರು ಎರಡು ತಿಂಗಳಲ್ಲಿ ಸಂಚಾರಕ್ಕೆ ತೆರೆಯಿತು. ಅಂಗಡಿಗಳು ತೆರೆಯುತ್ತಾ ಬಂದವು. 2018ರ ವಸಂತದ ಹೊತ್ತಿಗೆ ಬಹುಪಾಲು ಚೇತರಿಸಿಕೊಂಡು, ಹೊಸಬರೂ ಬಂದಿದ್ದರು. ಇತ್ತ ಕೌಂಟಿ ತಜ್ಞರಿಂದ ಜಲಾನಯನದ ಅಧ್ಯಯನ ಮಾಡಿಸಿತು. ವರದಿ 2017ರಲ್ಲಿ ಬಂತು. ನೀರು ಹಿಡಿದಿಡುವ ಕೊಳ, ಅಗಲವಾದ ಮೋರಿ, ಸುರಂಗ ಎಂದು ಕೆಲಸಗಳ ಪಟ್ಟಿಯೂ ಬಂತು. ಅಂಗಡಿಯವರು ತಿಂಗಳುಗಳಲ್ಲಿ ಮಾಡಿದ್ದನ್ನು ಎಂಜಿನಿಯರ್‌ಗಳು ತಿಂಗಳುಗಳಲ್ಲಿ ಮಾಡಲಾಗದು: ಸಮೀಕ್ಷೆ, ಜಮೀನು, ಹಣ, ಪರವಾನಗಿ, ಗುತ್ತಿಗೆ. ದೊಡ್ಡ ಕೆಲಸ ಒಂದೂ ಮುಗಿದಿರದ ಹೊತ್ತಿಗೆ ಮೇ 27 ಬಂತು.

ಎರಡನೆಯದು

ಅಂದು ಭಾನುವಾರ, ಮಡಿದ ಸೈನಿಕರ ಸ್ಮರಣೆಯ ಮೆಮೋರಿಯಲ್ ಡೇಗೆ ಸಿಗುವ ಮೂರು ದಿನದ ರಜೆಯ ನಡುದಿನ, ವ್ಯಾಪಾರದ ದಿನ. ಮಳೆ ಈ ಸಲ ಇನ್ನೂ ಹೆಚ್ಚು, ಕೆಲವೇ ಗಂಟೆಗಳಲ್ಲಿ 200 ಮಿಲಿಮೀಟರಿನಷ್ಟು. ಮಹಿಳೆಯೊಬ್ಬರ ನೆರವಿಗೆ ಹೋದ ನ್ಯಾಷನಲ್ ಗಾರ್ಡ್ ಸೈನಿಕರೊಬ್ಬರು ಕೊಚ್ಚಿಹೋದರು. ಆ ದೃಶ್ಯಗಳನ್ನು ಮತ್ತೆ ಬರೆಯುವುದಿಲ್ಲ.

ಬರೆಯಬೇಕಾದದ್ದು ವ್ಯಾಪಾರಿಗಳ ಲೆಕ್ಕ ಹೇಗೆ ಬದಲಾಯಿತು ಎಂಬುದನ್ನು. ಮೊದಲ ಪ್ರವಾಹದ ಬಳಿಕ ಬಾಗಿಲು ತೆರೆಯುವುದು ಧೈರ್ಯವಾಗಿತ್ತು, ಊರಿಗೆ ಊರೇ ಬೆನ್ನು ತಟ್ಟಿತು. ಎರಡನೆಯದರ ಬಳಿಕ ಅದೇ ಕೆಲಸ ಮನೆಯವರ ಮುಂದೆ ಸಮರ್ಥಿಸಿಕೊಳ್ಳಬೇಕಾದ ನಿರ್ಧಾರವಾಯಿತು. ಮೊದಲ ಸಾಲದ ಕಂತುಗಳು ನಡೆಯುತ್ತಿದ್ದವರು ಅದರ ಮೇಲೆ ಇನ್ನೊಂದು ಸಾಲ ಎತ್ತಬೇಕಿತ್ತು. ಕೆಲವರು ಬೀದಿಯ ಮೇಲ್ಭಾಗಕ್ಕೆ ಹೋದರು. ಕೆಲವರು ಬೇರೆ ಊರಿಗೆ. ಕೆಲವರು ಅಲ್ಲಿಗೇ ಮುಗಿಸಿದರು. ಉಳಿದವರು ಮೂರನೆಯ ಸಲ ಗೋಡೆಗೆ ಬಣ್ಣ ಬಳಿದರು.

2018ರ ಆಗಸ್ಟ್‌ನಲ್ಲಿ ಆಗಿನ ಕೌಂಟಿ ಮುಖ್ಯಸ್ಥ ಅಲನ್ ಕಿಟಲ್‌ಮನ್ ಒಂದು ಯೋಜನೆ ಮುಂದಿಟ್ಟರು. ಬೀದಿಯ ಕೆಳತುದಿಯ 10 ಕಟ್ಟಡಗಳನ್ನು ಕೊಂಡು ಕೆಡವುವುದು, ತೊರೆಯನ್ನು ಅಗಲಿಸಿ ಬಯಲು ಮಾಡುವುದು, ಐದು ವರ್ಷ, 5 ಕೋಟಿ ಡಾಲರ್. ಪರಂಪರೆಯ ರಕ್ಷಣೆಗಿರುವ ಪ್ರಿಸರ್ವೇಶನ್ ಮೇರಿಲ್ಯಾಂಡ್ ಸಂಸ್ಥೆ ವಿರೋಧಿಸಿತು. ಹೊರಗಿನಿಂದ ನೋಡಿದರೆ ಇದು ಕೌಂಟಿಗೂ ಅಂಗಡಿಯವರಿಗೂ ನಡುವಿನ ಜಗಳ ಎಂದು ಕಾಣಬಹುದು. ಹಾಗಿರಲಿಲ್ಲ. ಕೆಡವಲಿರುವ ಕಟ್ಟಡಗಳ ಒಡೆಯರಲ್ಲೇ ಹಲವರು ಪರವಾಗಿದ್ದರು. ಎರಡು ಸಲ ಮುಳುಗಿದ ಕಟ್ಟಡವನ್ನು ಕೌಂಟಿಯಲ್ಲದೆ ಇನ್ನಾರು ಕೊಳ್ಳುತ್ತಾರೆ? ಬೀದಿಯ ಚೆಲುವನ್ನು ಉಳಿಸಿ ಎನ್ನುವುದು ಆ ಚೆಲುವಿನ ವಿಮಾ ಕಂತು ಕಟ್ಟದವರಿಗೆ ಸುಲಭ. ಇನ್ನೊಂದೆಡೆ, ಮೇಲ್ಭಾಗದ ಅಂಗಡಿಯವರ ಅಂಜಿಕೆಯೂ ಸುಳ್ಳಲ್ಲ: ಹತ್ತು ಕಟ್ಟಡ ಹೋದ ಬೀದಿಗೆ ಗಿರಾಕಿ ಯಾಕೆ ಬರಬೇಕು?

ನವೆಂಬರ್ ಚುನಾವಣೆಯಲ್ಲಿ ಕಿಟಲ್‌ಮನ್ ಸೋತರು, ಕ್ಯಾಲ್ವಿನ್ ಬಾಲ್ ಗೆದ್ದರು. 2019ರಲ್ಲಿ ಬಾಲ್ ಆರಿಸಿಕೊಂಡ ಯೋಜನೆಯಲ್ಲಿ ಕೆಡವುವ ಕಟ್ಟಡಗಳು ಹತ್ತರಿಂದ ನಾಲ್ಕಕ್ಕೆ ಇಳಿದವು. ಬದಲಿಗೆ ಗ್ರಾನೈಟ್ ಕೊರೆದು, ಮೇಲಿನ ನೀರನ್ನು ಬೀದಿಗೆ ಬಿಡದೆ ನೇರವಾಗಿ ಪಟಾಪ್ಸ್ಕೋಗೆ ಒಯ್ಯುವ ಸುರಂಗ ಸೇರಿತು. ಉದ್ದ ಸುಮಾರು ಒಂದು ಮೈಲಿ, ವ್ಯಾಸ 18 ಅಡಿ. ಅಂದಾಜು ವೆಚ್ಚ 10 ಕೋಟಿ ಡಾಲರ್ ದಾಟಿತು. ಫೆಡರಲ್ ಪರಿಸರ ಸಂರಕ್ಷಣಾ ಸಂಸ್ಥೆ ಇದಕ್ಕೆ 7.5 ಕೋಟಿ ಡಾಲರ್ ಸಾಲ ಕೊಟ್ಟಿತು. ಕೌಂಟಿಯೂ ಸಾಲಗಾರನೇ ಆಯಿತು ಎನ್ನಿ.

ಸಣ್ಣ ಕೆಲಸಗಳು ಮೊದಲು ಮುಗಿದವು. ಮೇಲಿನ ಕಣಿವೆಯಲ್ಲಿ ನೀರು ತಡೆದು ನಿಲ್ಲಿಸುವ ಕೊಳಗಳಾದವು. ಎಚ್ಚರಿಕೆಯ ಸೈರನ್ ಬಂತು. ಕಟ್ಟಡಗಳ ಹಿಂಬದಿ ಬಂಡೆಯ ಗೋಡೆಯಾದ್ದರಿಂದ ಮುಂದಿನ ಬಾಗಿಲಿನಲ್ಲಿ ನೀರಿದ್ದರೆ ಓಡಲು ದಾರಿಯಿರಲಿಲ್ಲ. ಎತ್ತರಕ್ಕೆ ಹೋಗುವ ದಾರಿಗಳನ್ನು ಗುರುತಿಸಿ ಫಲಕ ಹಾಕಿದರು. ನನ್ನ ಕೇಳಿದರೆ ಡಾಲರಿಗೆ ಡಾಲರ್ ಲೆಕ್ಕದಲ್ಲಿ ಈ ಫಲಕಗಳಷ್ಟು ಬೆಲೆಬಾಳುವ ಕೆಲಸ ಆ ಬೀದಿಯಲ್ಲಿ ಬೇರೆ ಆಗಿಲ್ಲ. ಅದು 2016ರ ಆಗಸ್ಟ್‌ನಲ್ಲೇ ಆಗಬಹುದಿತ್ತು.

ಕೆಡವಲು ಗುರುತಾದ ನಾಲ್ಕು ಕಟ್ಟಡಗಳಲ್ಲಿ ವ್ಯಾಪಾರ ನಡೆಸುತ್ತಿದ್ದವರ ವಿಳಾಸ ಶಾಶ್ವತವಾಗಿ ಹೋಯಿತು. ಉಳಿದ ಬೀದಿಯಲ್ಲಿ ವಾರಾಂತ್ಯದ ಗಿರಾಕಿಗಳು ಮತ್ತೆ ಓಡಾಡುತ್ತಿದ್ದಾರೆ. ಮೊದಲ ಪ್ರವಾಹದ ಬಳಿಕ ಪೂರ್ತಿ ಅವಧಿಗೆ ಎಸ್‌ಬಿಎ ಸಾಲ ಎತ್ತಿದ ಅಂಗಡಿಯವರ ಕೊನೆಯ ಕಂತು ಬರುವುದು 2046ರ ಸುಮಾರಿಗೆ. ಎರಡನೆಯದಕ್ಕೂ ಎತ್ತಿದವರದು, 2048.